ಬುದ್ಧಿಹಲ್ಲಿನ ರಜೆ

ಹಲ್ಲುನೋವು ಬಂತೆಂದು ಸಂತೋಷಪಟ್ಟವರು ಎಲ್ಲಾದರೂ ಇದ್ದಾರೆಯೇ ಎಂದು ಯಾರಾದರೂ ಕೇಳಿದರೆ ಧೈರ್ಯವಾಗಿ ಟೈಲರಕ್ಕನ ಮನೆಯತ್ತ ಬೆರಳು ತೋರಿಸಬಹುದು. ಹಾಗೆಂದು ಅವಳೇನೂ ಕಲ್ಲುದವಡೆಯವಳಲ್ಲ. ಮೊದಮೊದಲು ಎಲ್ಲರಂತೆ ಅವಳೂ ಕೆನ್ನೆಗೆ ಕೈಯಿಟ್ಟುಕೊಂಡು, ಲವಂಗ ಕಚ್ಚಿಕೊಂಡು, ಮನೆಯವರ ಮೇಲೆಲ್ಲ ರೇಗಿದವಳೇ. ಸಂತೋಷ ಶುರುವಾದದ್ದು ಹಲ್ಲಿನ ಡಾಕ್ಟರಮ್ಮನನ್ನು ನೋಡಿ ಬಂದ ಮೇಲೆ.

ಟೈಲರಕ್ಕನೆಂದರೆ ಆ ಬೀದಿಯವರಿಗೆಲ್ಲ ಗೊತ್ತು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಗೆ ಒತ್ತಿ ಇಟ್ಟ ಕಾಲುಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ. ದಪ್ಪಗಾದವರ ಪ್ಯಾಂಟಿನ ಸೊಂಟ ಬಿಡಿಸುವುದು, ಸಣ್ಣಗಾಗಿದ್ದೇವೆಂದು ನಂಬಿದವರ ಸೊಂಟ ಬಿಗಿ ಮಾಡುವುದು (ಮುಂದಿನ ತಿಂಗಳು ಅದನ್ನೇ ಮತ್ತೆ ಬಿಡಿಸುವುದು), ಬೆಳೆಯುವ ಮಕ್ಕಳ ಯೂನಿಫಾರ್ಮಿನ ಮಡಿಕೆ ಇಳಿಸುವುದು, ಪರದೆಗಳಿಗೆ ಅಂಚು ಹಾಕುವುದು ಅವಳ ಕೆಲಸ. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗೆ ಬುದ್ಧಿ ಹೇಳಬಲ್ಲಳು. ಬೆಳಿಗ್ಗೆ ಎದ್ದವಳು ಅಡುಗೆಮನೆಯಿಂದ ಮೆಷಿನ್ನಿಗೆ, ಮೆಷಿನ್ನಿನಿಂದ ಅಡುಗೆಮನೆಗೆ ನೂಲಿನ ಉಂಡೆಯ ಹಾಗೆ ಉರುಳುತ್ತಲೇ ಇರುತ್ತಾಳೆ. ಅವಳು ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ಮನೆಯವರಾರೂ ನೋಡಿದ್ದಿಲ್ಲ. ಮಗಳನ್ನು ಹೆತ್ತಾಗ ಮಲಗಿದ್ದಿರಬೇಕು. ಆದರೆ ಅದಕ್ಕೆ ಸಾಕ್ಷಿಯಾಗಿದ್ದ ಮಗಳಿಗೆ ಆಗಿನ ನೆನಪಿಲ್ಲ.

ಡಾಕ್ಟರಮ್ಮ ಅವಳ ಬಾಯೊಳಗೆ ಕನ್ನಡಿ ಇಳಿಬಿಟ್ಟು, ಸಣ್ಣ ದೀಪ ಹಿಡಿದು, ಬಾಯಿ ತುಂಬ ಸಾಮಾನು ತುಂಬಿಸಿದ ಮೇಲೆ ಎಲ್ಲ ಹಲ್ಲಿನ ಡಾಕ್ಟರರ ಹಾಗೆ "ಮನೇಲಿ ಎಲ್ಲಾ ಚೆನ್ನಾಗಿದಾರಾ?" ಎಂದು ಕೇಳಿದರು. ಅವಳು "ಆಂ ಆಂ" ಅಂದಳು.

"ಕೊನೇಲಿರೋ ಬುದ್ಧಿಹಲ್ಲಿನ ಹತ್ರ ವಸಡು ಊದ್ಕೊಂಡಿದೆ. ಮಾತ್ರೆ ಕೊಡ್ತೀನಿ, ಊತ ಇಳೀಲಿ. ಎಕ್ಸ್‌ರೇ ತೆಗೆಸ್ಕೊಂಡು ಮುಂದಿನ ವಾರ ಬನ್ನಿ. ಬಹುಶಃ ಹಲ್ಲು ತೆಗೀಬೇಕಾಗತ್ತೆ."

"ತೆಗೆದ ಮೇಲೆ ಏನಾಗತ್ತೆ ಡಾಕ್ಟ್ರೇ?" ಟೈಲರಕ್ಕನ ದನಿ ನಡುಗುತ್ತಿತ್ತು.

"ಹೆದರೋ ಅಂಥದ್ದು ಏನಿಲ್ಲ. ಮೂರು ದಿನ ಪೂರ್ತಿ ರೆಸ್ಟು. ಬಗ್ಗೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ, ಜಾಸ್ತಿ ಮಾತಾಡೋ ಹಾಗಿಲ್ಲ. ತಲೆ ಎತ್ತರಕ್ಕಿಟ್ಟು ಮಲಗಿ, ತಣ್ಣಗಿರೋದು ಮೆತ್ತಗಿರೋದು ಯಾರಾದ್ರೂ ಕೊಟ್ರೆ ತಿಂದ್ಕೊಂಡು ಇದ್ದರಾಯ್ತು."

ಟೈಲರಕ್ಕನ ನಡುಕ ನಿಂತಿತು. "ಇನ್ನೊಂದ್ಸಲ ಹೇಳಿ," ಅಂದಳು.

ಪಾಪ, ಭಯದಲ್ಲಿ ತಲೆಗೆ ಹತ್ತಿಲ್ಲವೆಂದು ಡಾಕ್ಟರಮ್ಮ ನಿಧಾನವಾಗಿ ಮತ್ತೆ ಹೇಳಿದರು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಬಗ್ಗೋ ಹಾಗಿಲ್ಲ. ಭಾರ ಎತ್ತೋ ಹಾಗಿಲ್ಲ. ಯಾರಾದ್ರೂ ಕೊಟ್ರೆ. ಇಂಥ ಮಂಗಳವಾಕ್ಯಗಳು ಅವಳ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ.

"ಇದನ್ನೇ ನಮ್ಮ ಮನೆಯವರ ಮುಂದೆ ಒಂದ್ಸಲ ಹೇಳ್ತೀರಾ?" ಎಂದು ಕೇಳಿ, ಹೇಳುತ್ತಾರೆಂದು ಮಾತು ತೆಗೆದುಕೊಂಡೇ ಕುರ್ಚಿಯಿಂದ ಇಳಿದಳು.

ಮನೆಯವರೆಂದರೆ ಗಂಡ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವರು. ಊರೆಲ್ಲ ಅವರನ್ನು ಕರೆಯುವುದು ಬ್ರೇಕ್ ಮೇಷ್ಟ್ರು ಎಂದು. ಕಲಿಯುವವರ ಕಾರಿನಲ್ಲಿ ಮೇಷ್ಟರ ಕಾಲಡಿಗೂ ಒಂದು ಬ್ರೇಕ್ ಇರುತ್ತದಲ್ಲ, ವರ್ಷಗಟ್ಟಲೆ ಅದನ್ನು ಒತ್ತಿ ಒತ್ತಿ, ಮನೆಯ ಸೋಫಾದಲ್ಲಿ ಕೂತಾಗಲೂ ಅವರ ಬಲಗಾಲು ಸುಮ್ಮನಿರುವುದಿಲ್ಲ. ಮಗಳು ಸ್ವಲ್ಪ ಜೋರಾಗಿ ಮಾತಾಡಿದರೂ ಆ ಕಾಲು ನೆಲವನ್ನು ಒತ್ತುತ್ತದೆ.

ಆ ಸಂಜೆ ಊಟಕ್ಕೆ ಕೂತಾಗ ಟೈಲರಕ್ಕ ವಿಷಯ ತೆಗೆದಳು. ಮೇಷ್ಟರ ಕಾಲು ಗಕ್ಕನೆ ನೆಲ ಒತ್ತಿತು.

"ಒಂದು ಹಲ್ಲಿಗೆ ಮೂರು ದಿನ ರಜೆಯಾ? ಕಾರಿನ ಗೇರ್‌ಬಾಕ್ಸ್ ಇಳಿಸಿದ್ರೂ ಮಾರನೇ ದಿನ ಗಾಡಿ ರೋಡಿಗೆ ಬರತ್ತೆ ಕಣೇ."

"ನಾನು ಕಾರಲ್ಲ ರೀ."

"ನನ್ನವು ಅಷ್ಟೂ ಹಲ್ಲು ಹೋದವು," ಅತ್ತೆ ಅಂದರು. ಅವರದು ಈಗ ಪೂರ್ತಿ ಕಟ್ಟಿಸಿದ ಹಲ್ಲು. ಊಟ ಬಿಟ್ಟು ಉಳಿದ ಸಮಯದಲ್ಲಿ ಅದಕ್ಕೂ ರಜೆ. "ಒಂದು ದಿನಾನೂ ನಾನು ಮಲಗಲಿಲ್ಲ."

"ನಿಮ್ಮವು ತಾವಾಗೇ ಬಿದ್ದದ್ದಲ್ವಾ ಅತ್ತೆ?"

"ಬಿದ್ದರೇನು, ಕಿತ್ತರೇನು? ಹೋದದ್ದು ಹೋಯ್ತಲ್ಲ."

ಕಾಲೇಜಿಗೆ ಹೋಗುವ ಮಗಳು ತಟ್ಟೆಯಿಂದ ತಲೆಯೆತ್ತಿದಳು. "ಅಮ್ಮ, ಬುದ್ಧಿಹಲ್ಲು ಕೀಳಿಸಿದ್ರೆ ಬುದ್ಧಿ ಹೋಗಿಬಿಡತ್ತಾ?"

"ಹೋಗ್ಲಿ ಬಿಡು. ಈ ಮನೇಲಿ ಅದಕ್ಕೇನೂ ಕೆಲಸ ಇಲ್ಲ."

ಮರುದಿನದಿಂದ ಟೈಲರಕ್ಕನ ವಿಶ್ರಾಂತಿಯ ಸಿದ್ಧತೆ ಆರಂಭವಾಯಿತು. ಮೂರು ದಿನ ಮಲಗಬೇಕಾದರೆ ಅದಕ್ಕೆ ಮುಂಚೆ ಎಷ್ಟು ಎದ್ದಿರಬೇಕೆಂಬುದು ಮಲಗುವವರಿಗೆ ಮಾತ್ರ ಗೊತ್ತು. ಒಪ್ಪಿಕೊಂಡಿದ್ದ ಹೊಲಿಗೆಯನ್ನೆಲ್ಲ ಮುಗಿಸಿದಳು. ಎಲ್ಲರ ಬಟ್ಟೆ ಒಗೆದು ಇಸ್ತ್ರಿ ಮಾಡಿದಳು. ಸೂಪು ಮಾಡಿ ಡಬ್ಬಿಗೆ ತುಂಬಿಸಿದಳು, ಆಲೂಗಡ್ಡೆ ಬೇಯಿಸಿ ಬೆಣ್ಣೆಯ ಹಾಗೆ ಹಿಸುಕಿಟ್ಟಳು, ಹಣ್ಣು ಸೋಸಿ ತಣ್ಣಗಿಟ್ಟಳು, ಫ್ರಿಜ್ಜಿನ ಎಲ್ಲಕ್ಕಿಂತ ಮೇಲಿನ ಗೂಡಿನಲ್ಲಿ ಒಂದು ದೊಡ್ಡ ಐಸ್‌ಕ್ರೀಮ್ ಡಬ್ಬಿಯನ್ನು ಬಟಾಣಿಯ ಹಿಂದೆ ಅಡಗಿಸಿಟ್ಟಳು. ತಲೆ ಎತ್ತರಕ್ಕಿರಲೆಂದು ಎರಡು ದಿಂಬಿಗೆ ಹೊಸ ಕವರು ಹೊಲಿದಳು. ಕೆನ್ನೆಗೆ ಮಂಜುಗಡ್ಡೆ ಒತ್ತಿಕೊಳ್ಳಲು ಮೆತ್ತನೆಯ ಬಟ್ಟೆಯಲ್ಲಿ ಒಂದು ಚೀಲವನ್ನೇ ಹೊಲಿದು, ಗಲ್ಲದ ಕೆಳಗಿನಿಂದ ಸುತ್ತಿ ನೆತ್ತಿಯ ಮೇಲೆ ಕಟ್ಟಿಕೊಳ್ಳುವಂತೆ ಅದಕ್ಕೆ ಪಟ್ಟಿ ಹಚ್ಚಿದಳು. ಕನ್ನಡಿಯ ಮುಂದೆ ನಿಂತು ತನ್ನ ಕೆನ್ನೆಯ ಅಳತೆ ತಾನೇ ತೆಗೆದುಕೊಂಡಳು. ಊರಿನವರ ಅಳತೆ ತೆಗೆದು ತೆಗೆದು ಸವೆದ ಟೇಪು, ತನ್ನ ಮೈ ಮುಟ್ಟಿದ್ದು ಅವಳಿಗೆ ಯಾಕೋ ವಿಚಿತ್ರವೆನಿಸಿತು.

ಎದುರು ಮನೆಯಾಕೆ ಬಂದು ಇದನ್ನೆಲ್ಲ ನೋಡಿದಳು. ಪ್ರಪಂಚದ ಯಾವ ಕಾಯಿಲೆಗಾದರೂ ಒಬ್ಬ ಸಂಬಂಧಿಕನನ್ನು ಸಿದ್ಧವಾಗಿಟ್ಟುಕೊಂಡಿರುವಾಕೆ ಅವಳು.

"ನಮ್ಮ ಭಾವನೂ ಬುದ್ಧಿಹಲ್ಲು ತೆಗೆಸ್ಕೊಂಡ್ರು. ಮುಖ ಕುಂಬಳಕಾಯಿ ಆಗಿತ್ತು. ಬಾಯಿ ತೆರೆಯೋಕಾಗ್ದೆ ಹದಿನೈದು ದಿನ ಬರೀ ನೀರು."

"ಹದಿನೈದು ದಿನಾನಾ?" ಟೈಲರಕ್ಕನ ಕಣ್ಣು ಅರಳಿತು. "ಮಲಗೇ ಇದ್ರಾ?"

ಎದುರು ಮನೆಯಾಕೆಗೆ ತನ್ನ ಕತೆಗೆ ಇಂಥ ಕೇಳುಗರು ಹಿಂದೆಂದೂ ಸಿಕ್ಕಿರಲಿಲ್ಲ. ಸ್ವಲ್ಪ ಹೆದರಿಯೇ ಮನೆಗೆ ಹೋದಳು.

ಡಾಕ್ಟರಮ್ಮನ ಬಳಿ ಹೋಗಬೇಕಾದ ದಿನದ ಹಿಂದಿನ ಸಂಜೆ ಬಾಗಿಲಿಗೆ "ಮೂರು ದಿನ ಹೊಲಿಗೆ ಇಲ್ಲ" ಎಂಬ ಹಲಗೆ ತೂಗುಹಾಕಿದಳು. ಹಲಗೆ ಓರೆಯಾಗಿದೆಯೇ ಎಂದು ಹಿಂದೆ ಸರಿದು ನೋಡಿದಾಗ ಬೆನ್ನು ಚಳಕ್ಕೆಂದಿತು. ಪರವಾಗಿಲ್ಲ, ನಾಳೆಯಿಂದ ಮಲಗುವುದೇ ತಾನೆ.

ಮಾರನೆಯ ದಿನ ಮೇಷ್ಟ್ರು ಸ್ಕೂಲಿಗೆ ರಜೆ ಹಾಕಿ ಜೊತೆಗೆ ಬಂದರು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಇನ್ನೂ ಸ್ವಲ್ಪ ಎತ್ತಿ ಹಿಡಿದರು. ಆಮೇಲೆ ಮುಖ ತುಂಬ ನಕ್ಕರು.

"ಒಳ್ಳೇ ಸುದ್ದಿ ಅಮ್ಮ. ಹಲ್ಲು ನೇರವಾಗಿದೆ, ಗಟ್ಟಿಯಾಗಿದೆ. ವಸಡಿನ ಸಂದೀಲಿ ಏನೋ ಸಿಕ್ಕು ಊದಿತ್ತು ಅಷ್ಟೆ. ಊತ ಇಳಿದಿದೆ. ಇವತ್ತು ಚೆನ್ನಾಗಿ ಕ್ಲೀನ್ ಮಾಡ್ತೀನಿ, ಮನೆಗೆ ಹೋಗಿ ನಿಮ್ಮ ಕೆಲಸ ನೀವು ನೋಡ್ಕೋಬಹುದು."

ಮೇಷ್ಟ್ರು "ಅಬ್ಬ" ಅಂದರು. ಟೈಲರಕ್ಕ ಎಕ್ಸ್‌ರೇಯನ್ನು ಕೈಗೆ ತೆಗೆದುಕೊಂಡು, ಹೊಲಿಗೆ ಸೊಟ್ಟಗಾಗಿದೆ ಎಂದು ಜಗಳಕ್ಕೆ ಬಂದ ಗಿರಾಕಿಯ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು.

"ಸ್ವಲ್ಪ ಓರೆ ಇದ್ದ ಹಾಗಿಲ್ವಾ? ಈ ಕಡೆಯಿಂದ ನೋಡಿ."

"ಇಲ್ಲಮ್ಮ. ಕಂಬದ ಹಾಗೆ ನಿಂತಿದೆ."

"ಮುಂದೆ ಯಾವತ್ತಾದ್ರೂ ಓರೆ ಆದ್ರೆ? ಬಂದದ್ದು ಬಂದಿದೀನಿ, ಈಗಲೇ ತೆಗೆದುಬಿಟ್ರೆ..."

"ಚೆನ್ನಾಗಿರೋ ಹಲ್ಲನ್ನ ಹೇಗಮ್ಮ ಕೀಳೋದು?"

ಹಲ್ಲು ಕೀಳಿರೆಂದು ಹೆಂಡತಿ ಗೋಗರೆಯುವುದನ್ನು ನೋಡಿ ಮೇಷ್ಟರಿಗೆ ತಡೆಯಲಾಗಲಿಲ್ಲ. ಬಾಯಿ ಅಗಲಿಸಿ ನಕ್ಕರು. ನಕ್ಕ ಬಾಯಿ ಹಾಗೇ ತೆರೆದಿರುವಾಗ ಡಾಕ್ಟರಮ್ಮನ ಕಣ್ಣು ಅಲ್ಲಿಗೆ ಹೋಯಿತು.

"ಸರ್, ನೀವು ಒಂದ್ನಿಮಿಷ ಈ ಕುರ್ಚೀಲಿ ಕೂತ್ಕೋತೀರಾ?"

ಆಗ ಹೊರಬಿತ್ತು ಸಮಾಚಾರ. ಮೇಷ್ಟ್ರು ಎಷ್ಟೋ ತಿಂಗಳಿಂದ ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದರು. ಹೇಳಿದರೆ ಡಾಕ್ಟರ ಬಳಿ ಎಳೆದೊಯ್ಯುತ್ತಾಳೆಂದು, ಹೇಳದೆ ಹಲ್ಲುಕಚ್ಚಿ ಸಹಿಸುತ್ತಿದ್ದರು (ಅದೂ ಒಂದೇ ಪಕ್ಕದ ಹಲ್ಲು). ಅಲ್ಲೇ ಸಣ್ಣ ಎಕ್ಸ್‌ರೇ ತೆಗೆದು ಡಾಕ್ಟರಮ್ಮ ತೋರಿಸಿದರು.

"ನೋಡಿ, ಕೆಳಗಿನ ಬುದ್ಧಿಹಲ್ಲು ಅಡ್ಡಡ್ಡ ಮಲಗಿಬಿಟ್ಟಿದೆ. ಪಕ್ಕದ ಹಲ್ಲನ್ನೂ ಹಾಳು ಮಾಡ್ತಿದೆ. ಊತ ಏನಿಲ್ಲ, ಇವತ್ತೇ ತೆಗೀಬಹುದು. ಅಮ್ಮನಿಗೆ ಅಂತ ಇಟ್ಟಿದ್ದ ಸಮಯ ಹೇಗೂ ಖಾಲಿ ಇದೆ."

ಹಲ್ಲಿಗೆ ಸಹ ಮಲಗುವ ಯೋಗವಿದೆ, ನನಗಿಲ್ಲವಲ್ಲ ಎಂದು ಟೈಲರಕ್ಕ ಆ ಬೆಳ್ಳನೆಯ ನೆರಳನ್ನೇ ನೋಡುತ್ತ ನಿಂತಳು. ಎಷ್ಟು ಆರಾಮವಾಗಿ ಕಾಲು ಚಾಚಿ ಮಲಗಿತ್ತು ಅದು.

ಮೇಷ್ಟ್ರು ಕ್ಲಾಸಿದೆ ಅಂದರು. ರಜೆ ಹಾಕಿದ್ದು ಹೆಂಡತಿಗೆ ನೆನಪಿತ್ತು. ಆಮೇಲೆ ನೋವೇ ಇಲ್ಲ ಅಂದರು; ಡಾಕ್ಟರಮ್ಮ ಕಡ್ಡಿಯಿಂದ ಸುಮ್ಮನೆ ಮುಟ್ಟಿದರು, ಅವರು ಕುರ್ಚಿಯಿಂದ ಒಂದು ಗೇಣು ಎದ್ದರು. ಇನ್ನು ಮಾತಿಗೆ ಜಾಗವಿರಲಿಲ್ಲ.

ಸೂಜಿ ಚುಚ್ಚಿದ ಮೇಲೆ ಮುಖದ ಅರ್ಧ ಭಾಗ ಅವರದ್ದಾಗಿ ಉಳಿಯಲಿಲ್ಲ. "ನೋವಿರಲ್ಲ ಸರ್, ಒತ್ತಿದ ಹಾಗೆ ಅನ್ಸತ್ತೆ, ಕಟಕಟ ಸದ್ದು ಕೇಳತ್ತೆ, ಅಷ್ಟೆ," ಎಂದು ಡಾಕ್ಟರಮ್ಮ ಹೇಳುತ್ತಿದ್ದದ್ದು ಹೊರಗಿನ ಬೆಂಚಿನ ಮೇಲೆ ಕೂತ ಟೈಲರಕ್ಕನಿಗೆ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ, "ಸರ್, ಕಾಲು ಸಡಿಲ ಬಿಡಿ." ಮತ್ತೆ ಸ್ವಲ್ಪ ಹೊತ್ತಿಗೆ, "ಸರ್, ಕುರ್ಚಿ ಮುರಿಯತ್ತೆ." ಹಲ್ಲಿನ ಮೇಲೆ ಡಾಕ್ಟರಮ್ಮ ಒತ್ತಿದಾಗೆಲ್ಲ ಮೇಷ್ಟ್ರು ಬ್ರೇಕ್ ಒತ್ತುತ್ತಿದ್ದರು. ಆದರೂ ಗಾಡಿ ನಿಲ್ಲಲಿಲ್ಲ. ಹಲ್ಲು ತುಂಡು ತುಂಡಾಗಿ ಹೊರಬಂತು, ಎರಡು ಹೊಲಿಗೆ ಬಿತ್ತು. ಹತ್ತಿಯ ಉಂಡೆ ಕಚ್ಚಿಕೊಂಡು ಮೇಷ್ಟ್ರು ಹೊರಗೆ ಬಂದಾಗ ಹಲ್ಲು ಕಿತ್ತ ಹಾವಿನ ಹಾಗಿದ್ದರು. "ಏನೂ ಆಗ್ಲಿಲ್ಲ" ಎಂದು ಹೇಳಹೋಗಿ "ಏಊ ಆಯಿಯಾ" ಅಂದರು.

ಡಾಕ್ಟರಮ್ಮ ಕೊಟ್ಟ ಮಾತು ನಡೆಸಿದರು. ಆರೈಕೆಯ ಪಾಠವನ್ನೆಲ್ಲ ಮನೆಯವರ ಮುಂದೆ ಹೇಳಿದರು. ಮನೆಯವರ ಸ್ಥಾನದಲ್ಲಿ ಈಗ ಟೈಲರಕ್ಕ ನಿಂತಿದ್ದಳು.

"ರಕ್ತ ನಿಲ್ಲೋವರೆಗೂ ಈ ಹತ್ತಿ ಗಟ್ಟಿಯಾಗಿ ಕಚ್ಕೊಂಡಿರ್ಲಿ. ಉಗುಳೋ ಹಾಗಿಲ್ಲ, ಸ್ಟ್ರಾ ಹಾಕಿ ಹೀರೋ ಹಾಗಿಲ್ಲ, ಬೀಡಿ ಸಿಗರೇಟು ಇದ್ರೆ ಮುಟ್ಟೋ ಹಾಗಿಲ್ಲ. ಹಲ್ಲಿದ್ದ ಗುಳೀಲಿ ರಕ್ತ ಹೆಪ್ಪುಗಟ್ಟಿ ಕೂರ್ಬೇಕು, ಅದೇ ಗಾಯಕ್ಕೆ ಮುಚ್ಚಳ. ಅದು ಕಿತ್ತು ಬಂದ್ರೆ ಮೂಳೆ ಬರಿದಾಗಿ ಜೀವ ಹೋಗೋ ಹಾಗೆ ನೋಯತ್ತೆ. ಇವತ್ತು ಕೆನ್ನೆ ಮೇಲೆ ಬಿಟ್ಟು ಬಿಟ್ಟು ಮಂಜುಗಡ್ಡೆ ಇಡಿ. ನಾಳೆಯಿಂದ ಉಗುರು ಬೆಚ್ಚಗಿನ ಉಪ್ಪುನೀರು ಬಾಯಲ್ಲಿ ನಿಧಾನ ಆಡಿಸಿ, ಉಗುಳದೆ ತಾನಾಗೇ ಹೊರಗೆ ಬೀಳೋಕೆ ಬಿಡ್ಬೇಕು."

"ಊತ ಎರಡು ಮೂರು ದಿನ ಜಾಸ್ತಿಯಾಗಿ ಆಮೇಲೆ ಇಳಿಯತ್ತೆ," ಎಂದು ಟೈಲರಕ್ಕ ಮುಂದುವರಿಸಿದಳು. "ದವಡೆ ಬಿಗಿಯತ್ತೆ, ಹೆದರಬಾರ್ದು. ಮೂರು ದಿನದ ಮೇಲೂ ನೋವು ಏರ್ತಾ ಹೋದ್ರೆ, ಜ್ವರ ಬಂದ್ರೆ, ರಕ್ತ ನಿಲ್ಲದಿದ್ರೆ ಫೋನ್ ಮಾಡ್ಬೇಕು."

"ನಿಮಗೆಲ್ಲ ಬಾಯಿಪಾಠ ಬಂದುಬಿಟ್ಟಿದೆಯಲ್ಲ ಅಮ್ಮ."

"ಆಸೆಪಟ್ಟು ಕಲಿತಿದ್ದೆ," ಅಂದಳು ಟೈಲರಕ್ಕ.

ಮನೆಗೆ ಬಂದು ಮೇಷ್ಟ್ರು ಹೊಸ ಕವರಿನ ದಿಂಬುಗಳ ಮೇಲೆ ಒರಗಿದರು. ಮಂಜುಗಡ್ಡೆಯ ಚೀಲ ಅವರ ದವಡೆಗೆ ಸಾಲಲಿಲ್ಲ. ಟೈಲರಕ್ಕ ಅಲ್ಲೇ ಕೂತು ಪಟ್ಟಿ ಬಿಚ್ಚಿ ನಾಲ್ಕು ಬೆರಳು ಉದ್ದ ಮಾಡಿದಳು. ನೆತ್ತಿಯ ಮೇಲೆ ಗಂಟು ಹಾಕಿದಾಗ ಮೇಷ್ಟ್ರು ಉಡುಗೊರೆಗೆಂದು ಕಟ್ಟಿಟ್ಟ ಪೊಟ್ಟಣದ ಹಾಗೆ ಕಾಣುತ್ತಿದ್ದರು. ಮರಗಟ್ಟಿದ ತುಟಿಯ ಮೂಲೆಯಿಂದ ಸೂಪು ಅವರಿಗೆ ಗೊತ್ತಾಗದ ಹಾಗೆ ಇಳಿದು ಅಂಗಿ ಸೇರುತ್ತಿತ್ತು. "ಇನ್ನೂ ಬಿಸಿ ಇದೆ, ಆರಲಿ. ತುಟಿ ಕಚ್ಕೊಂಡೀರ, ಜೋಕೆ," ಎನ್ನುತ್ತ ಅವಳು ಒರೆಸಿದಳು. ಬಟಾಣಿಯ ಹಿಂದಿನ ಐಸ್‌ಕ್ರೀಮ್ ಡಬ್ಬಿ ಹೊರಗೆ ಬಂತು. ಮೇಷ್ಟ್ರು ಚಮಚ ಚಮಚವಾಗಿ ತಿಂದರು, ಅವಳು ಹಿಡಿದುಕೊಂಡು ಕೂತಳು. ಒಂದು ಚಮಚ ತಾನೂ ತಿನ್ನಬಹುದಿತ್ತು. ಆದರೆ ಆರೋಗ್ಯವಂತಳು ರೋಗಿಯ ಐಸ್‌ಕ್ರೀಮ್ ತಿನ್ನುವುದು ಅವಳಿಗೆ ಸರಿ ಕಾಣಲಿಲ್ಲ.

ಮರುದಿನ ಕೆನ್ನೆ ಬನ್ನಿನ ಹಾಗೆ ಉಬ್ಬಿತು. ಕನ್ನಡಕ ಹಾಕದೆ ಒಳಗೆ ಬಂದ ಅತ್ತೆ ಮಗನನ್ನು ದಿಟ್ಟಿಸಿ ನೋಡಿ, "ಯಾಕೋ ಹೀಗೆ ಮುಖ ಊದಿಸ್ಕೊಂಡು ಕೂತಿದೀಯ? ನಾನೇನಂದೆ ನಿನಗೆ?" ಎಂದು ಕೇಳಿ, ಉತ್ತರ ಬರಲಿಲ್ಲವೆಂದು ತಾವೂ ಮುಖ ಊದಿಸಿಕೊಂಡು ಹೋದರು. ಒಂದೇ ಮನೆಯಲ್ಲಿ ಎರಡು ಊದಿದ ಮುಖ. ಒಂದಕ್ಕೆ ಮಂಜುಗಡ್ಡೆ, ಇನ್ನೊಂದಕ್ಕೆ ಸಮಾಧಾನ, ಎರಡನ್ನೂ ಹೊತ್ತು ತಿರುಗಿದವಳು ಟೈಲರಕ್ಕ.

ಬಾಯಿಗೆ ಬೀಗ ಬಿದ್ದ ಮೇಷ್ಟರಿಗೆ ನೋಡುವುದೊಂದೇ ಕೆಲಸವಾಯಿತು. ಮಂಚದಿಂದ ಅಡುಗೆಮನೆಯ ಬಾಗಿಲೂ ಮುಂದಿನ ಕೋಣೆಯ ಮೆಷಿನ್ನೂ ಕಾಣುತ್ತವೆ. ಬಾಗಿಲಿನ ಹಲಗೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. "ಹಲ್ಲು ಕಿತ್ತದ್ದು ನಿಮಗಲ್ವಂತಲ್ಲ ಅಕ್ಕ" ಎಂದು ಬಟ್ಟೆಯ ಗಂಟು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. "ಅಮ್ಮ, ನನ್ನ ನೀಲಿ ಅಂಗಿ ಎಲ್ಲಿ?" "ಏ ಸೊಸೆ, ನನ್ನ ಹಲ್ಲು ಎಲ್ಲಿಟ್ಟೆ?" "ಅಕ್ಕಾ, ಬಟನ್ ಹಾಕಾಯ್ತಾ?" ದನಿ ಬಂದ ಕಡೆಗೆಲ್ಲ ಅವಳು ತಿರುಗುತ್ತಿದ್ದಳು. ಉತ್ತರ ಅವಳ ಬಾಯಲ್ಲಿ, ವಸ್ತು ಅವಳ ಕೈಯಲ್ಲಿ. ಇಷ್ಟು ವರ್ಷ ಸಂಸಾರ ಮಾಡಿ ಮೇಷ್ಟ್ರು ಇದನ್ನೆಲ್ಲ ನೋಡಿರಲಿಲ್ಲವೆಂದಲ್ಲ. ಆದರೆ ಕಾರಿನಲ್ಲಿ ಕೂತವನಿಗೆ ರಸ್ತೆ ಕಾಣುತ್ತದೆ, ಎಂಜಿನ್ನು ಕಾಣುವುದಿಲ್ಲ.

ಮಧ್ಯಾಹ್ನ ಅವರು ಚಮಚದಿಂದ ಲೋಟ ತಟ್ಟಿ ಕರೆದರು. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಮೇಷ್ಟ್ರು ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡು ತಲೆ ವಾಲಿಸಿದರು.

"ಕೆನ್ನೆ ನೋಯ್ತಿದೆಯಾ? ಮಾತ್ರೆಗೆ ಇನ್ನೂ ಹೊತ್ತಿದೆ."

ತಲೆಯಲ್ಲಾಡಿಸಿ, ಮಂಚದ ಖಾಲಿ ಜಾಗವನ್ನು ತಟ್ಟಿದರು.

"ಹಾಸಿಗೆ ಕೊಡವಬೇಕಾ?"

ಅಲ್ಲ. ಅವಳತ್ತ ಬೆರಳು ತೋರಿಸಿ, ಕಣ್ಣು ಮುಚ್ಚಿ, ಗೊರಕೆಯ ಸದ್ದು ಮಾಡಹೋಗಿ ಹೊಲಿಗೆ ಎಳೆದು "ಆಂ" ಅಂದರು.

"ನಾನು ಗೊರಕೆ ಹೊಡೀತೀನಿ ಅಂತೀರಾ? ಈ ಅವಸ್ಥೇಲೂ ನನ್ನ ಮೇಲೆ ದೂರಾ?"

ಮೇಷ್ಟ್ರು ಸೋತು ಅವಳ ಕೈ ಹಿಡಿದು ಮಂಚದ ಅಂಚಿಗೆ ಎಳೆದು ಕೂರಿಸಿದರು. ಆಗ ಅವಳಿಗೆ ಅರ್ಥವಾಯಿತು. ಒಂದು ಕಾಲನ್ನು ಎತ್ತಿ ಮಂಚದ ಮೇಲಿಟ್ಟಳು. ಒಲೆಯ ಮೇಲಿನ ಹಾಲು ಉಕ್ಕುವ ಸದ್ದು ಕೇಳಿ ಎದ್ದು ಓಡಿದಳು.

ವಾರ ಕಳೆದು ಹೊಲಿಗೆ ಬಿಚ್ಚಿಸಿಕೊಂಡು ಬರುವಾಗ ಇಬ್ಬರೂ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತಿದ್ದರು. ಮೇಷ್ಟರ ಮಾತು ತಿರುಗಿ ಬಂದಿತ್ತು, ಆದರೆ ಅಷ್ಟು ದಿನ ಬಳಸದೆ ಇದ್ದದ್ದಕ್ಕೋ ಏನೋ ನಿಧಾನವಾಗಿ ಬರುತ್ತಿತ್ತು.

"ಅವತ್ತು ಹಲ್ಲು ಕೀಳಲ್ಲ ಅಂದಾಗ ನಿನ್ನ ಮುಖ ಯಾಕೆ ಹಾಗಾಯ್ತು?"

ಟೈಲರಕ್ಕ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು. "ಮೂರು ದಿನ ಮಲಗಬಹುದು ಅಂತ ಆಸೆ ಇತ್ತು ರೀ. ಯಾರೂ ಏನೂ ಕೇಳಬಾರ್ದು, ಯಾರಾದ್ರೂ ಏನಾದ್ರೂ ತಂದು ಕೊಡಬೇಕು. ಅಷ್ಟೆ."

"ಅದಕ್ಕೆ ಹಲ್ಲು ಯಾಕೆ ಕೀಳಿಸ್ಬೇಕಿತ್ತು? ಹೇಳಿದ್ರೆ ಆಗ್ತಿರ್ಲಿಲ್ವಾ?"

"ಏನಂತ ಹೇಳ್ಲಿ? ನನಗೆ ಕಾಯಿಲೆ ಇಲ್ಲ, ಮಲಗ್ತೀನಿ ಅಂತಲಾ?"

ಬಸ್ಸು ಬಂದು ನಿಂತಾಗ ಮೇಷ್ಟ್ರು ಹೇಳಿದರು, "ಭಾನುವಾರ ಮಲಕ್ಕೋ. ಇಡೀ ದಿನ. ಮನೆ ನಾನು ನೋಡ್ಕೋತೀನಿ."

ಭಾನುವಾರ ತಿಂಡಿಯಾದ ಮೇಲೆ ಟೈಲರಕ್ಕ, ಮೈಯಲ್ಲಿ ಯಾವ ನೋವೂ ಇಲ್ಲದೆ, ಯಾವ ಡಾಕ್ಟರ ಅಪ್ಪಣೆಯೂ ಇಲ್ಲದೆ, ಹಾಡಹಗಲಲ್ಲಿ ಹಾಸಿಗೆಯ ಮೇಲೆ ಬಿದ್ದುಕೊಂಡಳು. ಚಾವಣಿಯಲ್ಲಿ ಒಂದು ಕಲೆಯಿತ್ತು, ಹೊರಟುನಿಂತ ಹಡಗಿನ ಆಕಾರದ್ದು. ಎಷ್ಟು ವರ್ಷದಿಂದ ಅದು ಅಲ್ಲಿತ್ತೋ. ಬೀದಿಯಲ್ಲಿ ಸೈಕಲ್ಲಿನ ಗಂಟೆ, ಪಕ್ಕದ ಮನೆಯ ರೇಡಿಯೋ. ಅವಳು ಕಾಲ ಬೆರಳುಗಳನ್ನು ಬಿಡಿಸಿ ಚಾಚಿದಳು. ಆಹಾ ಅನಿಸಿತು.

ಮಗಳು ಇಣುಕಿದಳು. "ಅಮ್ಮ, ಮಲಗಿದೀಯಾ?"

"ಹೂಂ."

"ಯಾಕೆ?"

"ಸುಮ್ನೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ ಕಣೇ."

ಮಗಳು ಹೋದಳು. ಸ್ವಲ್ಪ ಹೊತ್ತಿಗೆ ಬಂದು ಬಾಗಿಲಿಗೆ ಒರಗಿ ನಿಂತಳು. "ಅಮ್ಮ, ನಿಜ ಹೇಳು. ಎಕ್ಸ್‌ರೇಲಿ ಬೇರೆ ಏನಾದ್ರೂ ಕಾಣಿಸ್ತಾ?"

ಅವಳನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಮೇಷ್ಟ್ರು ಬೆರಳ ತುದಿಯ ಮೇಲೆ ನಡೆದು ಬಂದರು. "ನಿದ್ದೆ ಬಂತಾ?" ಎಂದು ಪಿಸುಗುಟ್ಟಿದರು. ಬರುವುದರಲ್ಲಿದೆ ಅಂದಳು. "ಸರಿ, ನಾನು ತೊಂದ್ರೆ ಕೊಡಲ್ಲ," ಎಂದು ಹೋಗಿ, ಸಕ್ಕರೆ ಡಬ್ಬಿ ಯಾವುದೆಂದು ಕೇಳಲು ಬಂದರು. ಆಮೇಲೆ, ಸಕ್ಕರೆ ಸಿಕ್ಕಿತೆಂದು ಹೇಳಲು ಬಂದರು.

ಬಾಗಿಲಲ್ಲಿ ಗಿರಾಕಿಯ ದನಿ ಕೇಳಿಸಿತು. ಮೇಷ್ಟ್ರು ಹೆಂಡತಿಗೆ ಎಚ್ಚರವಾಗದಿರಲೆಂದು ಉಸಿರಿನಲ್ಲೇ ಮಾತಾಡುತ್ತಿದ್ದರು.

"ಅವಳು ಮಲಗಿದಾಳೆ."

"ಅಕ್ಕ ಮಲಗಿದಾರಾ? ಏನಾಯ್ತು?"

"ಏನೂ ಆಗಿಲ್ಲ."

"ಯಾವಾಗಿಂದ?"

"ಏನೂ ಆಗಿಲ್ಲ ಅಂತ ಹೇಳ್ತಿದೀನಲ್ಲ," ಎಂದರು ಮೇಷ್ಟ್ರು, ಅದೇ ಸತ್ತ ದನಿಯಲ್ಲಿ.

ಅಷ್ಟು ಸಾಕಾಯಿತು. ಸುದ್ದಿಗೆ ಕಾಲು ಬಂತು. ಹೊಲಿಗೆಗೆ ಕೊಟ್ಟವರು, ಕೊಡಬೇಕೆಂದಿದ್ದವರು ಒಬ್ಬೊಬ್ಬರಾಗಿ ಬಂದು ಮುಂದಿನ ಕೋಣೆಯಲ್ಲಿ ದನಿ ತಗ್ಗಿಸಿ ಕೂತರು. ಎದುರು ಮನೆಯಾಕೆ ಒಂದು ಚೀಲ ಹಣ್ಣಿನೊಂದಿಗೆ ಬಂದಳು. "ನಮ್ಮ ಚಿಕ್ಕಪ್ಪನೂ ಹೀಗೇ, ಏನೂ ಇಲ್ಲ, ಏನೂ ಇಲ್ಲ ಅಂತಾನೇ ಮಲಗಿದ್ರು," ಎಂದು ಅವಳು ಅಲ್ಲಿ ಕೂತವರಿಗೆ ಹೇಳುವುದು ಒಳಗೆ ಸ್ಪಷ್ಟವಾಗಿ ಕೇಳಿಸಿತು. ಚಿಕ್ಕಪ್ಪ ಮತ್ತೆ ಎದ್ದರೋ ಇಲ್ಲವೋ ಎಂಬುದನ್ನು ಅವಳು ಹೇಳಲಿಲ್ಲ.

ಕೊನೆಗೆ ಅತ್ತೆ ಬಂದರು. ಹಣೆ ಮುಟ್ಟಿದರು, ಪಾದ ಮುಟ್ಟಿ ತಣ್ಣಗಿದೆಯೇ ಎಂದು ನೋಡಿದರು. ಮಂಚದ ಮೇಲೆ ಕೂತು ಸೊಸೆಯ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡರು.

"ನೋಡಮ್ಮ, ನಾನು ಒಂದು ಮಾತು ಹೆಚ್ಚು, ಒಂದು ಮಾತು ಕಡಿಮೆ ಅಂದಿ­ರ್ತೀನಿ. ಮನಸ್ಸಲ್ಲಿಟ್ಕೋಬೇಡ."

ಅತ್ತೆಯ ಕಣ್ಣು ಒದ್ದೆಯಾಗಿತ್ತು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ಇಂಥ ಮಾತು ಹೊರಟದ್ದು ಅದೇ ಮೊದಲು. ಕಾಯಿಲೆ ಇಲ್ಲದೆ ಮಲಗಿದವಳಿಗೆ ಇಷ್ಟು ಪ್ರೀತಿ ಸಿಗುವುದನ್ನು ಕಂಡು ಟೈಲರಕ್ಕನಿಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಈ ಪ್ರೀತಿಯನ್ನು ನುಂಗಲೂ ಆಗದು, ಉಗುಳಲೂ ಆಗದು. ಅವಳು ಎದ್ದು ಕೂತಳು.

"ಏಳ್ತೀನಿ ಬಿಡಿ ಅತ್ತೆ."

"ಏಳ್ತೀಯಾ?" ಅತ್ತೆಯ ಮುಖದಲ್ಲಿ ದೀಪ ಹತ್ತಿತು. "ಅವಳು ಎದ್ಲು ಕಣೋ," ಎಂದು ಹೊರಗೆ ಕೂಗಿ ಹೇಳಿದರು.

ಮುಂದಿನ ಕೋಣೆಯಲ್ಲಿ ಎಲ್ಲರೂ ಉಸಿರು ಬಿಟ್ಟದ್ದು ಕೇಳಿಸಿತು. ಟೈಲರಕ್ಕ ಕೂದಲು ಕಟ್ಟಿಕೊಂಡು ಹೊರಗೆ ಬಂದಳು. ನೋಡಲು ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆ? ಎಲ್ಲರಿಗೂ ಟೀ ಮಾಡಿದಳು, ಎದುರು ಮನೆಯಾಕೆ ತಂದ ಹಣ್ಣನ್ನೇ ಹೆಚ್ಚಿ ಕೊಟ್ಟಳು. ಮೇಷ್ಟ್ರು ಹುಡುಕಿ ತೆಗೆದಿದ್ದ ಡಬ್ಬಿಗಳನ್ನೆಲ್ಲ ತಿರುಗಿ ಅದರದರ ಜಾಗದಲ್ಲಿಟ್ಟಳು. ಮಧ್ಯಾಹ್ನದ ಅಡುಗೆ ಮಾಡಿ ಬಡಿಸಿದಳು. "ನಾನು ಎಷ್ಟು ಪ್ರಯತ್ನಪಟ್ಟೆ," ಎಂದು ಮೇಷ್ಟ್ರು ತಪ್ಪಿತಸ್ಥರ ಹಾಗೆ ಅಂದರು. "ಗೊತ್ತು ರೀ," ಅಂದಳು. ಅವಳಿಗೆ ನಿಜವಾಗಿಯೂ ಗೊತ್ತಿತ್ತು.

ಊಟದ ನಂತರ ಯಾರದೋ ಪರದೆಯ ಅಂಚು ಮುಗಿಸೋಣವೆಂದು ಮೆಷಿನ್ನಿನ ಮುಂದೆ ಕೂತು ತುಳಿಯತೊಡಗಿದಳು. ಟಕಟಕ ಸದ್ದು ಮನೆ ತುಂಬಿತು. ಬೆಳಿಗ್ಗೆಯಿಂದ ಗಾಬರಿಬಿದ್ದಿದ್ದ ಮನೆಗೆ ಆ ಸದ್ದು ಕೇಳಿ ಜೀವ ಬಂದ ಹಾಗಾಯಿತು. ನೋಡನೋಡುತ್ತಿದ್ದ ಹಾಗೆ ಅತ್ತೆ ಕುರ್ಚಿಯಲ್ಲೇ ತೂಕಡಿಸಿದರು. ಮಗಳು ತೆರೆದ ಪುಸ್ತಕದ ಮೇಲೆ ತಲೆಯಿಟ್ಟಳು. ಮೇಷ್ಟ್ರು ಹೆಂಡತಿ ಬೆಳಿಗ್ಗೆ ಮಲಗಿದ್ದ ಹಾಸಿಗೆಯಲ್ಲೇ ಕಾಲು ಚಾಚಿ ನಿದ್ದೆ ಹೋದರು.

ಅಂಚು ಮುಗಿಯಿತು. ಟೈಲರಕ್ಕ ಕಾಲು ನಿಲ್ಲಿಸಿದಳು. ಒಳಗಿನಿಂದ ಮೇಷ್ಟರ ನಿದ್ದೆಗಣ್ಣಿನ ದನಿ ಬಂತು: "ಏನಾಯ್ತು?" ಅತ್ತೆಯ ಕಣ್ಣೂ ಅರೆ ತೆರೆಯಿತು.

"ಏನಿಲ್ಲ, ಮಲಗಿ," ಎಂದು ಅವಳು ಮತ್ತೆ ತುಳಿದಳು. ಮನೆ ಮತ್ತೆ ಮಲಗಿತು.

ಅವಳು ಒಂದು ಗಳಿಗೆ ಯೋಚಿಸಿದಳು. ತುಳಿತ ನಿಲ್ಲಿಸದೆ ನಿಧಾನ ಮಾಡಿ, ಸೂಜಿಯಿಂದ ನೂಲು ಎಳೆದು ಹೊರಗೆ ಹಾಕಿದಳು. ಬಟ್ಟೆ ಒತ್ತಿ ಹಿಡಿಯುವ ಪಾದವನ್ನು ಮೇಲೆತ್ತಿ ಪರದೆಯನ್ನು ತೆಗೆದು ಮಡಿಸಿದಳು. ಮಡಿಸಿದ ಪರದೆಯನ್ನು ಮೆಷಿನ್ನಿನ ಹಲಗೆಯ ಅಂಚಿನಲ್ಲಿಟ್ಟು, ಅದರ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದಳು. ಕಿಟಕಿಯಿಂದ ಬಂದ ಬಿಸಿಲು ಅವಳ ಕುತ್ತಿಗೆಯ ಮೇಲೆ ಬಿದ್ದಿತ್ತು. ಕೆಳಗೆ ಕಾಲು ಮಾತ್ರ ತನ್ನ ಪಾಡಿಗೆ ತುಳಿಯುತ್ತಲೇ ಇತ್ತು, ಬರಿಯ ಸೂಜಿ ಗಾಳಿಯನ್ನು ಹೊಲಿಯುತ್ತಲೇ ಇತ್ತು, ಟೈಲರಕ್ಕನ ಉಳಿದ ಮೈಯೆಲ್ಲ ನಿದ್ದೆ ಹೋಗಿತ್ತು.